ವಾರಕ್ಕೊಂದು ಧ್ಯಾನ–ಚಲನೆ ತರಗತಿ: 23 ಜನ ಇದ್ದವರು 9ಕ್ಕೆ ಇಳಿದಿದ್ದಾರೆ, ಎಲ್ಲಿ ಎಡವುತ್ತಿದ್ದೇನೆ?

ಚಾಪೆಮಡಚುವವ
(ಮೊದಲ ಬರಹ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಸರಿಸದೆ ಓದಿ.

ಸಮುದಾಯ ಭವನದ ಹಾಲ್‌ನಲ್ಲಿ ಪ್ರತಿ ಶನಿವಾರ ಸಂಜೆ ಒಂದೂವರೆ ಗಂಟೆಯ ತರಗತಿ ನಡೆಸುತ್ತಿದ್ದೇನೆ. ಮೊದಲು ನಿಂತು, ಮಲಗಿ ಮಾಡುವ ನಿಧಾನ ಚಲನೆಗಳು. ಆಮೇಲೆ ಹತ್ತು ನಿಮಿಷ ನಡಿಗೆ ಧ್ಯಾನ. ಕೊನೆಗೆ ಅರ್ಧ ಗಂಟೆ ಕೂತು ಧ್ಯಾನ. ಯಾರೂ ಏನೂ ಕೊಡಬೇಕಿಲ್ಲ. ನಾನು ಗುರುವಲ್ಲ, ಹನ್ನೊಂದು ವರ್ಷದಿಂದ ಅಭ್ಯಾಸ ಮಾಡಿಕೊಂಡು ಬಂದವನು, ಅಷ್ಟೇ. ಮೊದಲು ನಡೆಸುತ್ತಿದ್ದವರು ಊರು ಬಿಟ್ಟಾಗ "ನೀನೇ ನೋಡ್ಕೋ" ಅಂದರು, ಒಪ್ಪಿಕೊಂಡೆ.

ಮೊದಲ ವಾರ 23 ಜನ. ಏಳನೇ ವಾರಕ್ಕೆ 9. ಜನರಿಗೆ ಬೋರ್ ಆಗುತ್ತಿದೆ ಅನ್ನೋದು ನನ್ನ ಅನುಮಾನ. ಹಾಗಾಗಿ ವಾರಕ್ಕೊಂದು ಹೊಸ ವಿಷಯ ತರೋಣ ಅಂತ ಪಟ್ಟಿ ಮಾಡಿದ್ದೇನೆ: ಒಂದು ವಾರ ಪ್ರಾಣಾಯಾಮ, ಒಂದು ವಾರ ತೈ ಚಿ (ಚೀನಾದ ನಿಧಾನ ಚಲನೆಯ ವ್ಯಾಯಾಮ), ಒಂದು ವಾರ ನಾದ, ಹೀಗೆ. ಒಳ್ಳೆ ಸ್ಪೀಕರ್ ತಂದು ಹಿನ್ನೆಲೆ ಸಂಗೀತ ಹಾಕುವ ಯೋಚನೆಯೂ ಇದೆ. ಇಂಥ ತರಗತಿ ನಡೆಸಿದವರು, ಇಲ್ಲವೇ ಹೋಗಿ ಬಿಟ್ಟವರು, ದಾಕ್ಷಿಣ್ಯ ಇಟ್ಟುಕೊಳ್ಳದೆ ಹೇಳಿ.

—

ಹಿಂದಿನಸಾಲು

ಬಿಟ್ಟವರ ಪೈಕಿ ನಾನೂ ಒಬ್ಬಳು (ನಿಮ್ಮ ತರಗತಿ ಅಲ್ಲ, ಬೇರೆಯದು), ಆದ್ದರಿಂದ ಮೊದಲ ಮಾತು ನನ್ನದು.

ನನಗೆ ಬೋರ್ ಆಗಿ ಬಿಟ್ಟಿದ್ದಲ್ಲ. ಪ್ರತಿ ವಾರ ಹೊಸದು ಬರುತ್ತಿತ್ತು ಅಂತಲೇ ಬಿಟ್ಟೆ. ಒಂದು ಚಲನೆಯಲ್ಲಿ ಎಡಗೈ ಎಲ್ಲಿ, ಬಲಗಾಲು ಎಲ್ಲಿ ಅಂತ ತಲೆಗೆ ಹತ್ತುವಷ್ಟರಲ್ಲಿ ಮುಂದಿನ ವಾರ ಬೇರೆ ಶುರು. ಗಮನವೆಲ್ಲ "ನಾನು ಸರಿಯಾಗಿ ಮಾಡ್ತಿದೀನಾ" ಅನ್ನೋದರ ಮೇಲೆ. ಹೊಸ ಹೆಜ್ಜೆ ಕಲಿಯುವಾಗ ಮೈಯನ್ನು ಗಮನಿಸೋಕೆ ಆಗಲ್ಲ ಸರ್, ಹೆಜ್ಜೆಯನ್ನೇ ಗಮನಿಸಬೇಕಾಗುತ್ತೆ. ಚಲನೆ ರೂಢಿಯಾಗಿ ಕೈಕಾಲು ತಾವಾಗಿಯೇ ಹೋಗುವ ಹೊತ್ತಿಗೆ ತಾನೆ ಒಳಗೆ ಏನಾಗ್ತಿದೆ ಅಂತ ನೋಡೋಕೆ ಪುರುಸೊತ್ತು ಸಿಗೋದು?

ಪಟ್ಟಿ ಹರಿದು ಹಾಕಿ ಅನ್ನೋದು ನನ್ನ ಸಲಹೆ.

—

ಸಂಶಯಪ್ರಾಣಿ

ವಾರಕ್ಕೆ ಒಂದು ಸಲ ಒಂದೂವರೆ ಗಂಟೆ ಕಣ್ಣು ಮುಚ್ಚಿದರೆ ಏನು ಆಗುತ್ತೆ ಅಂತ ಯಾರಾದರೂ ನೇರವಾಗಿ ಹೇಳ್ತೀರಾ? ವ್ಯಂಗ್ಯ ಅಲ್ಲ, ನಿಜವಾದ ಪ್ರಶ್ನೆ. ಈ ಕ್ಷೇತ್ರದಲ್ಲಿ "ಎಲ್ಲ ರೋಗಕ್ಕೂ ಮದ್ದು" ಅನ್ನುವವರೇ ಜಾಸ್ತಿ.

ನಾನು ಓದಿದ್ದು ಹೇಳ್ತೀನಿ. 2014ರಲ್ಲಿ ಅಮೆರಿಕದ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ದೊಡ್ಡ ಪರಾಮರ್ಶೆ ಬಂತು. 47 ಪ್ರಯೋಗಗಳು, 3,515 ಜನ. ಆತಂಕ, ಖಿನ್ನತೆ, ನೋವು, ಈ ಮೂರರಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗೋದನ್ನು ಎಚ್ಚರದಿಂದ ಗಮನಿಸೋ ಧ್ಯಾನ) ಕಾರ್ಯಕ್ರಮಗಳಿಂದ ಸಾಧಾರಣ ಸುಧಾರಣೆ ಕಂಡಿತ್ತು. ನಿದ್ದೆ, ಏಕಾಗ್ರತೆ, ತೂಕ ಇವಕ್ಕೆಲ್ಲ ಸಾಕ್ಷ್ಯ ದುರ್ಬಲ ಅಥವಾ ಸಾಲದು. ವ್ಯಾಯಾಮ, ಔಷಧಿ ಮುಂತಾದವಕ್ಕಿಂತ ಧ್ಯಾನ ಮೇಲು ಅನ್ನೋಕೂ ಪುರಾವೆ ಸಿಗಲಿಲ್ಲ. ಉಪಯೋಗವಿಲ್ಲ ಅಂತ ನಾನು ಹೇಳ್ತಿಲ್ಲ. ಪವಾಡ ಅಲ್ಲ ಅಂತಿದೀನಿ. ಹಾಲ್ ಗೋಡೆಗೆ ಅಂಟಿಸಿರುವ ಪೋಸ್ಟರ್‌ನಲ್ಲಿ ಏನು ಬರೆದಿದ್ದೀರಿ? ಹೆಚ್ಚು ಆಸೆ ತೋರಿಸಿದರೆ ಮೂರನೇ ವಾರಕ್ಕೆ ಜನ ಖಾಲಿ ಆಗೋದು ಸಹಜ.

—

ಚಾಪೆಮಡಚುವವ

ಪೋಸ್ಟರ್ ತೆಗೆದು ನೋಡಿದೆ. "ಒತ್ತಡಮುಕ್ತ ಜೀವನ, ಗಾಢ ನಿದ್ರೆ, ಅಪಾರ ಏಕಾಗ್ರತೆ" ಅಂತಿದೆ. ಬರೆದದ್ದು ನಾನೇ. ತಲೆ ತಗ್ಗಿಸಿದ್ದೇನೆ.

—

ಮಂಡಿಚಿಪ್ಪು

ನಾನು ಫಿಸಿಯೋಥೆರಪಿಸ್ಟ್. ಮನಸ್ಸಿನ ವಿಷಯ ಬೇರೆಯವರು ನೋಡಿಕೊಳ್ಳಲಿ, ಮೈ ವಿಷಯ ಎರಡು ಮಾತು. ಎರಡಲ್ಲ, ಸ್ವಲ್ಪ ಜಾಸ್ತಿಯೇ ಆಗಬಹುದು.

ಎಷ್ಟು ಜನ ಕುರ್ಚಿ ಮೇಲೆ ಕೂರ್ತಾರೆ ನಿಮ್ಮಲ್ಲಿ? ಯಾರೂ ಇಲ್ಲ ಅಂದರೆ ನಿಮ್ಮ ಹದಿನಾಲ್ಕು ಜನ ಎಲ್ಲಿ ಹೋದರು ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಇದೆ. "ನೆಲದ ಮೇಲೆ ಕೂರೋಕೆ ಆಗದವರು ಕುರ್ಚಿ ತಗೊಳ್ಳಿ" ಅಂದರೆ ಯಾರೂ ತಗೊಳ್ಳಲ್ಲ, ಮಾನ ಹೋಗುತ್ತೆ ಅನ್ನಿಸುತ್ತೆ. ಮೊದಲೇ ಅರ್ಧ ವೃತ್ತ ಕುರ್ಚಿ, ಅರ್ಧ ವೃತ್ತ ಚಾಪೆ ಹಾಕಿಡಿ. ನೀವೂ ಒಂದು ವಾರ ಕುರ್ಚಿ ಮೇಲೆ ಕೂತು ನಡೆಸಿ. ನೀವು ಕೂತರೆ ಸಾಕು, ಬೇರೆಯವರೂ ಕೂರ್ತಾರೆ.

ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ದಿಂಬು ಬೇಕೇ ಬೇಕು, ಸೊಂಟ ಮಂಡಿಗಿಂತ ಎತ್ತರದಲ್ಲಿ ಇರಬೇಕು. ಮಂಡಿ ಮೇಲೆದ್ದು ಸೊಂಟ ಕೆಳಗಿದ್ದರೆ ಕೆಳಬೆನ್ನು ಗೂನಾಗುತ್ತೆ, ಐದು ನಿಮಿಷಕ್ಕೆ ನೋವು ಶುರು. ಆಮೇಲೆ ಅವರು ಅರ್ಧ ಗಂಟೆ ಧ್ಯಾನಿಸೋದು ಬೆನ್ನುನೋವನ್ನೇ.

ಕಾಲು ಜೋಮು ಹಿಡಿಯೋದರ ಬಗ್ಗೆ: "ರಕ್ತ ನಿಂತುಹೋಯ್ತು" ಅಂತ ಜನ ಹೆದರ್ತಾರೆ. ಹೆಚ್ಚಿನ ಸಲ ಅದು ನರದ ಮೇಲೆ ಬಿದ್ದ ಒತ್ತಡ. ಮಂಡಿಯ ಹೊರಮಗ್ಗುಲಲ್ಲಿ ಮೂಳೆಯ ತುದಿಗೆ ಅಂಟಿಕೊಂಡಂತೆ ಒಂದು ನರ ಹೋಗುತ್ತೆ, ಅದು ಬೇಗ ಒತ್ತಿಸಿಕೊಳ್ಳುತ್ತೆ. ಭಂಗಿ ಬದಲಿಸಿದರೆ ಸರಿಹೋಗುತ್ತೆ. ಆದರೆ ಜೋಮು ಹಿಡಿದ ಕಾಲಿನ ಮೇಲೆ ತಟ್ಟನೆ ಎದ್ದು ನಿಲ್ಲಬಾರದು, ಪಾದ ಎಲ್ಲಿ ಊರಿದೆ ಅಂತ ಗೊತ್ತಾಗದೆ ಕಾಲು ಉಳುಕಿ ಬಿದ್ದವರನ್ನು ನಾನು ನೋಡಿದ್ದೇನೆ. ಜೋಮು ಬಂದಾಗ ಕಾಲು ಚಾಚಿ ಅಂತ ಬಾಯಿಬಿಟ್ಟು ಹೇಳಿ. ಅಲುಗಾಡದೆ ಕೂತವರೇ ಒಳ್ಳೆ ವಿದ್ಯಾರ್ಥಿಗಳು ಅನ್ನೋ ಭಾವನೆ ಹುಟ್ಟಿಸಬೇಡಿ.

ಮಲಗಿದ್ದವರನ್ನು ಎಬ್ಬಿಸುವಾಗಲೂ ಅಷ್ಟೇ. ಮೊದಲು ಮಗ್ಗುಲಾಗಿ, ಆಮೇಲೆ ಕೈಯೂರಿ ಕೂತು, ಒಂದು ನಿಮಿಷ ಬಿಟ್ಟು ನಿಲ್ಲಲಿ. ವಯಸ್ಸಾದವರಿಗೆ, ಬಿಪಿ ಮಾತ್ರೆ ತಗೊಳ್ಳುವವರಿಗೆ ಎದ್ದ ತಕ್ಷಣ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ಬಿಪಿ ಇರುವವರಿಗೆ ಉಸಿರು ಬಿಗಿಹಿಡಿಯುವ ಕುಂಭಕ ಬೇಡ. ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗಾಗುವ ಭಂಗಿ ಬೇಡ, ಕಣ್ಣೊಳಗಿನ ಒತ್ತಡ ಏರುತ್ತೆ. ಮೂಳೆ ಸವೆತ ಇದ್ದವರು ಬೆನ್ನು ಗೂನಾಗಿಸಿ ಪೂರ್ತಿ ಮುಂದಕ್ಕೆ ಬಾಗಬಾರದು. ಮೊದಲ ದಿನವೇ ಒಂದು ಚೀಟಿ ಕೊಟ್ಟು ಇದನ್ನೆಲ್ಲ ಬರೆಸಿಕೊಳ್ಳಿ. ಎಲ್ಲರೆದುರು ಕೇಳಿದರೆ ಯಾರೂ ಹೇಳಲ್ಲ.

—

ಅರ್ಧನಿದ್ದಿ

ಅಲ್ರೀ, ನನ್ನ ಸಮಸ್ಯೆ ಯಾರೂ ಹೇಳವಲ್ರು. ಕಣ್ಣು ಮುಚ್ಚಿ ಕುಂತ ಮೂರು ನಿಮಿಷಕ್ಕ ನನಗ ನಿದ್ದಿ ಬರ್ತದ. ಗೊರಕಿನೂ ಹೊಡಿತೀನಂತ. ಒಮ್ಮೆ ನಮ್ಮ ಕ್ಲಾಸಿನ್ಯಾಗ ಟೀಚರ್ "ಈಗ ಸುತ್ತಲಿನ ಶಬ್ದಗಳನ್ನು ಆಲಿಸಿ" ಅಂದ್ರಂತ, ಎಲ್ಲಾರೂ ಕೇಳಿದ್ದು ನನ್ನ ಗೊರಕಿನ. ಅವತ್ತಿಂದ ಹೋಗೂದು ಬಿಟ್ಟೀನಿ.

—

ಹಿಂದಿನಸಾಲು

ಅಯ್ಯೋ ನಕ್ಕು ನಕ್ಕು ಸಾಕಾಯ್ತು. ದಯವಿಟ್ಟು ವಾಪಸ್ ಹೋಗಿ, ಅಷ್ಟು ಒಳ್ಳೆ ಆಲಿಸುವ ಪಾಠ ಅವರಿಗೆ ಮತ್ತೆ ಸಿಗಲ್ಲ.

—

ಹಳೇಹಲಗೆ

ಅರ್ಧನಿದ್ದಿ ಅವರೇ, ನಿದ್ದೆ ಬಂದರೆ ತಪ್ಪೇನಿಲ್ಲ. ಬಹಳ ಮಂದಿಗೆ ಅದು ನಿದ್ದೆಯ ಬಾಕಿ ವಸೂಲಿ. ಕಣ್ಣು ಅರ್ಧ ತೆರೆದು ನೆಲದ ಒಂದು ಜಾಗ ನೋಡಿ, ಆಗಲೂ ತೂಕಡಿಕೆ ಬಂದರೆ ಎದ್ದು ನಿಂತುಕೊಂಡೇ ಧ್ಯಾನ ಮಾಡಿ. ನಿಂತೂ ಧ್ಯಾನ ಮಾಡಬಹುದು ಅನ್ನೋದನ್ನೇ ನಾವು ಮರೆತಿದ್ದೇವೆ. ಬೌದ್ಧರ ಸತಿಪಟ್ಠಾನ ಸುತ್ತದಲ್ಲಿ (ಎಚ್ಚರದ ಅಭ್ಯಾಸ ಹೇಳಿಕೊಡುವ ಬುದ್ಧನ ಉಪದೇಶ) ನಡೆಯುವುದು, ನಿಲ್ಲುವುದು, ಕೂರುವುದು, ಮಲಗುವುದು ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಹೇಳಿದೆ. ಕೈಕಾಲು ಮಡಚುವಾಗ, ಚಾಚುವಾಗಲೂ ಎಚ್ಚರವಿರಲಿ ಅಂತ ಬೇರೆಯಾಗಿಯೇ ಹೇಳುತ್ತದೆ. ಇವತ್ತು "ಮೈಂಡ್‌ಫುಲ್ ಮೂವ್‌ಮೆಂಟ್" ಅಂತ ಹೊಸ ಹೆಸರಿಟ್ಟು ಕರೆಯುವುದು ಅಷ್ಟು ಹಳೆಯ ಮಾತು.

ನಮ್ಮ ಕಡೆ ಆಸನ ಅಂದರೆ ಮೈ ಬಿಲ್ಲಿನಂತೆ ಬಗ್ಗಬೇಕು ಅಂದುಕೊಂಡಿದ್ದೇವೆ. ಪತಂಜಲಿಯ ಯೋಗಸೂತ್ರದಲ್ಲಿ ಆಸನಕ್ಕೆ ಇರುವುದು ಮೂರೇ ಸೂತ್ರ, ಎರಡನೇ ಪಾದದ 46ರಿಂದ 48. ಮೊದಲನೆಯದು "ಸ್ಥಿರಸುಖಮಾಸನಮ್", ಸ್ಥಿರವೂ ಇರಬೇಕು, ಸುಖವೂ ಇರಬೇಕು. ಅದರ ಮುಂದಿನದನ್ನು ಯಾರೂ ಹೇಳುವುದಿಲ್ಲ, ಅದರಲ್ಲಿ "ಪ್ರಯತ್ನಶೈಥಿಲ್ಯ" ಅಂತ ಬರುತ್ತದೆ. ಪ್ರಯತ್ನವನ್ನು ಸಡಿಲ ಬಿಡುವುದು! ಹಲ್ಲು ಕಚ್ಚಿ ಕಾಲ್ಬೆರಳು ಮುಟ್ಟುವವರು ಈ ಪದವನ್ನು ಒಮ್ಮೆ ಓದಬೇಕು.

ನನಗೆ ಎಪ್ಪತ್ತೆರಡು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಗಾದೆ. ಮರ ಬಗ್ಗುವುದಿಲ್ಲ ನಿಜ. ಗಾಳಿಗೆ ಎಷ್ಟು ತೂಗುತ್ತಿದ್ದೇನೆ ಅಂತ ಮರಕ್ಕೂ ಗೊತ್ತಾಗಬಹುದು ಅಲ್ಲವೇ, ನನಗೆ ಅಷ್ಟು ಸಾಕು.

—

ಬಾಗಿಲಪಕ್ಕ

ಬಹಳ ಹೊತ್ತು ಬರೆಯಲೋ ಬೇಡವೋ ಅಂತ ಕೂತಿದ್ದೆ.

ಎರಡು ವರ್ಷದ ಹಿಂದೆ ಇಂಥದ್ದೇ ವಾರದ ತರಗತಿಗೆ ಸೇರಿದ್ದೆ. ಮೂರನೇ ವಾರ ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂದಾಗ ಎದೆ ಬಿಗಿಯಿತು. ಉಸಿರನ್ನು ನೋಡಿದಷ್ಟೂ ಉಸಿರು ಸಾಲದು ಅನ್ನಿಸತೊಡಗಿತು. ಕೈ ಎತ್ತಿ ಹೇಳಿದೆ. "ಅದು ಒಳ್ಳೆಯದೇ, ಒಳಗಿನದು ಹೊರಗೆ ಬರ್ತಿದೆ, ಇನ್ನೂ ಆಳಕ್ಕೆ ಹೋಗಿ" ಅಂದರು. ಹೋದೆ. ಬೆವತು, ಕೈ ನಡುಗಿ, ಶೌಚಾಲಯದಲ್ಲಿ ಹೋಗಿ ಕೂತುಕೊಂಡೆ. ಹೊರಗೆ ಬಂದಾಗ ತರಗತಿ ಮುಗಿದಿತ್ತು, ಯಾರೂ ಏನೂ ಕೇಳಲಿಲ್ಲ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನಿಮ್ಮ ಹದಿನಾಲ್ಕು ಜನರಲ್ಲಿ ಒಬ್ಬರಾದರೂ ನನ್ನಂಥವರು ಇರಬಹುದು. ಅವರು ಕಾರಣ ಹೇಳಲ್ಲ. "ಟೈಮ್ ಆಗ್ತಿಲ್ಲ" ಅಂತಾರೆ.

—

ಸಂಶಯಪ್ರಾಣಿ

ಬರೆದದ್ದಕ್ಕೆ ಥ್ಯಾಂಕ್ಸ್. ಇದು ನಿಮ್ಮೊಬ್ಬರ ಕಥೆ ಅಲ್ಲ. 2020ರಲ್ಲಿ 83 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಪರಾಮರ್ಶೆಯಲ್ಲಿ ಸುಮಾರು ನೂರಕ್ಕೆ ಎಂಟು ಜನರಿಗೆ ಧ್ಯಾನದಿಂದ ಏನಾದರೊಂದು ಅಹಿತಕರ ಪರಿಣಾಮ ಆದದ್ದು ದಾಖಲಾಗಿದೆ, ಹೆಚ್ಚಾಗಿ ಆತಂಕ ಮತ್ತು ಖಿನ್ನತೆಯ ಲಕ್ಷಣಗಳು. ಮಾನಸಿಕ ತೊಂದರೆ ಮೊದಲು ಇಲ್ಲದವರಲ್ಲೂ ಕಂಡಿದೆ. "ಇನ್ನೂ ಆಳಕ್ಕೆ ಹೋಗಿ" ಅಂದವರು ಕೆಟ್ಟವರಲ್ಲದೆ ಇರಬಹುದು. ಆದರೆ ಆ ಮಾತು ತಪ್ಪು.

—

ಮಂಡಿಚಿಪ್ಪು

ಬಾಗಿಲಪಕ್ಕ ಅವರೇ, ಈಗ ಏನಾದರೂ ಮಾಡ್ತಿದೀರಾ?

—

ಬಾಗಿಲಪಕ್ಕ

ಮಾಡ್ತೀನಿ, ಮನೇಲಿ ಒಬ್ಬಳೇ. ಆಪ್ತಸಮಾಲೋಚಕಿ ಒಬ್ಬರು ಹೇಳಿಕೊಟ್ಟಿದ್ದು. ಕಣ್ಣು ತೆರೆದೇ ಇರುತ್ತೆ. ಉಸಿರಿನ ತಂಟೆಗೆ ಹೋಗಲ್ಲ. ಅಂಗಾಲು ನೆಲಕ್ಕೆ ತಾಗಿರೋದು, ಬೆನ್ನು ಕುರ್ಚಿಗೆ ಒರಗಿರೋದು, ಕೋಣೆಯಲ್ಲಿ ಕಾಣೋ ಮೂರು ನಾಲ್ಕು ವಸ್ತು, ಇಷ್ಟೇ. ಅದಕ್ಕಿಂತ ಜಾಸ್ತಿ ನಿಧಾನ ನಡಿಗೆ ನನಗೆ ಹಿಡಿಸಿತು. ನಡೆಯುವಾಗ ಎದೆ ಬಿಗಿಯೋದಿಲ್ಲ. ಯಾಕೆ ಅಂತ ಗೊತ್ತಿಲ್ಲ.

ತರಗತಿಗೆ ಮತ್ತೆ ಹೋಗಬೇಕು ಅಂತಿದೆ. ಬಾಗಿಲ ಪಕ್ಕ ಜಾಗ ಕೊಟ್ಟರೆ, ಎದ್ದು ಹೋದಾಗ ಎಲ್ಲರೂ ತಿರುಗಿ ನೋಡದಿದ್ದರೆ.

—

ಚಾಪೆಮಡಚುವವ

ನಿನ್ನೆ ರಾತ್ರಿ ಇದನ್ನೆಲ್ಲ ಓದಿ ನಿದ್ದೆ ಬರಲಿಲ್ಲ (ಪೋಸ್ಟರ್ ಬರೆದವನಿಗೆ ತಕ್ಕ ಶಾಸ್ತಿ).

ಬಾಗಿಲಪಕ್ಕ ಅವರೇ, ನಾಲ್ಕನೇ ವಾರ ನನ್ನ ತರಗತಿಯಿಂದಲೂ ಒಬ್ಬರು ಮಧ್ಯದಲ್ಲಿ ಎದ್ದು ಹೋದರು. ಫೋನ್ ಬಂದಿರಬೇಕು ಅಂದುಕೊಂಡೆ. ಆಮೇಲೆ ವಿಚಾರಿಸಲಿಲ್ಲ. ಈಗ ಮೆಸೇಜ್ ಹಾಕಲೋ ಬೇಡವೋ ಗೊತ್ತಾಗುತ್ತಿಲ್ಲ.

—

ಬಾಗಿಲಪಕ್ಕ

ಹಾಕಿ. "ಯಾಕೆ ಬರ್ತಿಲ್ಲ" ಅಂತ ಕೇಳಬೇಡಿ. "ಅವತ್ತು ಹುಷಾರಾಗಿದ್ರಾ ಅಂತ ಕೇಳೋದು ಮರೆತೆ" ಅಂತ ಹಾಕಿ, ಸಾಕು.

—

ನೆಲಡೊಂಕು

ಚರ್ಚೆಗೆ ತಡವಾಗಿ ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಪೈಕಿ ನಾನು, ಅದಕ್ಕೇ ಈ ಹೆಸರು. ನೃತ್ಯದಲ್ಲಿ ಗಾಯ ಮಾಡಿಕೊಂಡು ಮೊಶೆ ಫೆಲ್ಡನ್‌ಕ್ರೈಸ್ ಪದ್ಧತಿಯ ಕಡೆ ಹೋದವಳು. ಇವರು 1904ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡವರು. ಎಂಜಿನಿಯರ್, ಜೂಡೋ ಪಟು, ತಮ್ಮದೇ ಕೆಟ್ಟ ಮಂಡಿಯನ್ನು ನೋಡಿಕೊಳ್ಳುತ್ತ ಈ ದಾರಿ ಕಂಡುಕೊಂಡವರು. ಅಲ್ಲಿ ಚಲನೆಗಳು ಎಷ್ಟು ಚಿಕ್ಕವೆಂದರೆ ಹೊರಗಿನಿಂದ ನೋಡುವವರಿಗೆ ಜನ ಸುಮ್ಮನೆ ಮಲಗಿದಂತೆ ಕಾಣುತ್ತೆ.

ಯಾಕೆ ಚಿಕ್ಕದು, ಯಾಕೆ ನಿಧಾನ ಅನ್ನೋದಕ್ಕೆ ಒಂದು ಕಾರಣ ಇದೆ. ವೇಬರ್ ಎಂಬ ಜರ್ಮನ್ ವಿಜ್ಞಾನಿ 19ನೇ ಶತಮಾನದಲ್ಲೇ ತೋರಿಸಿದ್ದು: ನಮಗೆ ವ್ಯತ್ಯಾಸ ಗೊತ್ತಾಗೋದು ಮೊದಲೇ ಇರುವ ಭಾರಕ್ಕೆ ಹೋಲಿಸಿ. ಬೆನ್ನ ಮೇಲೆ ಮೂಟೆ ಹೊತ್ತವನಿಗೆ ಅದರ ಮೇಲೊಂದು ಪುಸ್ತಕ ಇಟ್ಟರೆ ತಿಳಿಯಲ್ಲ. ಬರಿಗೈಯಲ್ಲಿ ಇಟ್ಟರೆ ತಿಳಿಯುತ್ತೆ. ಸ್ನಾಯುವಿನ ಕಥೆಯೂ ಅದೇ. ಬಲ ಹಾಕಿ ಭುಜ ತಿರುಗಿಸಿದರೆ ಬಲ ಮಾತ್ರ ತಿಳಿಯುತ್ತೆ. ಬಲ ಕಡಿಮೆ ಮಾಡಿದಾಗ ಎಡ ಭುಜ ಬಲ ಭುಜಕ್ಕಿಂತ ಮೊದಲು ಏರುತ್ತೆ, ಏರುವಾಗ ದವಡೆ ಬಿಗಿಯುತ್ತೆ, ಉಸಿರು ನಿಲ್ಲುತ್ತೆ ಅನ್ನೋದೆಲ್ಲ ಒಂದೊಂದಾಗಿ ಕಾಣಿಸುತ್ತೆ.

ನಿಮ್ಮ ತರಗತಿಗೆ ಒಂದು ಚಲನೆ ಕೊಡ್ತೀನಿ. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ. ಎರಡೂ ಮಂಡಿಯನ್ನು ಒಟ್ಟಿಗೆ ಬಲಕ್ಕೆ ಒಂದು ಅಂಗೈಯಗಲ ವಾಲಿಸಿ ವಾಪಸ್ ತನ್ನಿ. ಹತ್ತು ಸಲ. ಸುಮ್ಮನೆ ಕಾಲು ಚಾಚಿ ವಿಶ್ರಾಂತಿ. ನೆಲಕ್ಕೆ ತಾಗಿರೋ ಸೊಂಟದ ಎರಡು ಬದಿಯನ್ನು ಹೋಲಿಸಿ. ಎಡಕ್ಕೆ ಆಮೇಲೆ. ಮಾಡಿ ನೋಡಿ, ಎರಡೂ ಕಾಲು ಒಂದೇ ಉದ್ದ ಇವೆಯಾ ಅಂತಲೇ ಅನುಮಾನ ಬರುವಷ್ಟು ಬೇರೆ ಬೇರೆ ಅನ್ನಿಸುತ್ತೆ. ಆ ಮಧ್ಯದ ವಿಶ್ರಾಂತಿಯನ್ನು ದಯವಿಟ್ಟು ಬಿಡಬೇಡಿ, ಎಲ್ಲ ಮೇಷ್ಟ್ರೂ ಅದನ್ನೇ ಮೊದಲು ಕತ್ತರಿಸೋದು.

ಇನ್ನೊಂದು ಕೆಲಸ. ಮುಂದಿನ ಶನಿವಾರ ನಿಮ್ಮ ತರಗತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ನಿಮ್ಮ ದನಿ ಮಾತ್ರ. ಮನೆಗೆ ಹೋಗಿ ಕೇಳಿ. ಯಾಕೆ ಅಂತ ಈಗ ಹೇಳಲ್ಲ.

—

ಚಾಪೆಮಡಚುವವ
(ಒಂದು ವಾರದ ನಂತರ)

ಕೇಳಿದೆ.

ಕೂತು ಧ್ಯಾನದ ಅರ್ಧ ಗಂಟೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದ ಅತಿ ದೀರ್ಘ ಕಾಲ 40 ಸೆಕೆಂಡ್. ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ. ಉಳಿದದ್ದೆಲ್ಲ "ಈಗ ನಿಮ್ಮ ಭುಜಗಳು ಸಡಿಲವಾಗುತ್ತಿವೆ", "ಮನಸ್ಸು ಪ್ರಶಾಂತ ಸರೋವರದಂತೆ ಆಗುತ್ತಿದೆ", "ಎಲ್ಲ ಚಿಂತೆಗಳು ಕರಗುತ್ತಿವೆ". ಯಾರ ಭುಜ ಸಡಿಲವಾಗಿದೆ ಅಂತ ನನಗೆ ಹೇಗೆ ಗೊತ್ತು? ಒಂದು ಕಡೆಯಂತೂ "ಮೌನವನ್ನು ಅನುಭವಿಸಿ" ಅಂದವನು, ಮೂರು ಸೆಕೆಂಡ್ ಬಿಟ್ಟು ಮೌನದ ಬಗ್ಗೆ ಎರಡು ನಿಮಿಷ ಮಾತಾಡಿದ್ದೇನೆ.

ಹನ್ನೊಂದು ವರ್ಷದ ಅಭ್ಯಾಸ ಅಂತ ಮೇಲೆ ಬರೆದುಕೊಂಡಿದ್ದೇನಲ್ಲ, ಅದನ್ನು ಅಳಿಸಬಹುದಾ ಇಲ್ಲಿ?

—

ನೆಲಡೊಂಕು

ಅಳಿಸಬೇಡಿ. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಇದ್ದದ್ದು 25 ಸೆಕೆಂಡ್.

ಮಾತಾಡೋದು ದುರಹಂಕಾರದಿಂದ ಅಲ್ಲ, ಹೆದರಿಕೆಯಿಂದ. ಸುಮ್ಮನಿದ್ದರೆ ಜನ "ಇವರು ಏನೂ ಹೇಳಿಕೊಡ್ತಿಲ್ಲ" ಅಂದುಕೊಳ್ತಾರೆ ಅನ್ನೋ ಹೆದರಿಕೆ. ಸಂಗೀತ ಹಾಕೋದೂ ಅದೇ ಹೆದರಿಕೆಯಿಂದಲೇ. ಸ್ಪೀಕರ್ ಬೇಡ ಬಿಡಿ.

ಭುಜ ಸಡಿಲವಾಗ್ತಿದೆ ಅಂತ ಹೇಳುವ ಬದಲು "ಭುಜ ಹೇಗಿದೆ ಅಂತ ನೋಡಿ" ಅನ್ನಿ. ಬಿಗಿಯಾಗಿದ್ದವರಿಗೂ ಆಗ ಜಾಗ ಸಿಗುತ್ತೆ. ನೀವು ಸಡಿಲ ಅಂದಾಗ ಬಿಗಿ ಇದ್ದವರು ತಾವು ಫೇಲು ಅಂದುಕೊಳ್ತಾರೆ.

—

ಹಿಂದಿನಸಾಲು

ಇದನ್ನೇ ನಾನು ಹೇಳೋಕೆ ಒದ್ದಾಡ್ತಿದ್ದೆ. ಆ ಸರೋವರ! ನನ್ನ ಮನಸ್ಸು ಒಂದು ದಿನವೂ ಸರೋವರ ಆಗಲಿಲ್ಲ, ನಾಳೆ ಗ್ಯಾಸ್ ಬುಕ್ ಮಾಡಬೇಕು ಅಂತಲೇ ಇರುತ್ತಿತ್ತು. ಎಲ್ಲರೂ ಸರೋವರ, ನಾನೊಬ್ಬಳೇ ಗ್ಯಾಸ್ ಸಿಲಿಂಡರ್ ಅನ್ನಿಸಿ ಮನೆಗೆ ಹೋಗ್ತಿದ್ದೆ.

—

ಹಳೇಹಲಗೆ

ಪೂರ್ತಿ ಮೌನವೂ ಹೊಸಬರಿಗೆ ಕಷ್ಟ ಎಂಬುದನ್ನು ಮರೆಯಬೇಡಿ. ನಾನು ಕಂಡ ಒಂದು ಹದ: ಶುರುವಿನಲ್ಲಿ ಸ್ವಲ್ಪ ಜಾಸ್ತಿ ಮಾತು, ಆಮೇಲೆ ಎರಡು ನಿಮಿಷಕ್ಕೊಂದು ವಾಕ್ಯ, ಆಮೇಲೆ ಐದು ನಿಮಿಷಕ್ಕೊಂದು. ಎಷ್ಟು ಹೊತ್ತು ಸುಮ್ಮನಿರುತ್ತೇವೆ ಎಂದು ಮೊದಲೇ ತಿಳಿಸಿ. ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಮೌನದಲ್ಲಿ ಜನ ಗಂಟೆ ಬಾರಿಸುವುದನ್ನೇ ಕಾಯುತ್ತಾರೆ.

ನಡಿಗೆ ಧ್ಯಾನಕ್ಕೆ ಮಾತು ಇನ್ನೂ ಕಡಿಮೆ ಸಾಕು. ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೋ ಅವರ ಕ್ರಮದಲ್ಲಿ ಪಾದ ಎತ್ತುವಾಗ "ಎತ್ತುತ್ತಿದೆ", ಮುಂದೆ ಹೋಗುವಾಗ "ಸಾಗುತ್ತಿದೆ", ಊರುವಾಗ "ಊರುತ್ತಿದೆ" ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಾರೆ. ಅಷ್ಟು ಹೇಳಿಕೊಟ್ಟು ಬಿಟ್ಟುಬಿಡಿ. ಹತ್ತು ಹದಿನೈದು ಹೆಜ್ಜೆಯ ದಾರಿ, ಕೊನೆಯಲ್ಲಿ ನಿಂತು, ತಿರುಗಿ, ಮತ್ತೆ. ವೃತ್ತದಲ್ಲಿ ನಡೆಸಬೇಡಿ, ಹಿಂದಿನವನು ಮುಂದಿನವನ ವೇಗಕ್ಕೆ ಸಿಕ್ಕಿಕೊಳ್ಳುತ್ತಾನೆ.

—

ಮಂಡಿಚಿಪ್ಪು

ತುಂಬಾ ನಿಧಾನ ನಡಿಗೆ ವಯಸ್ಸಾದವರಿಗೆ ಕಷ್ಟ, ಒಂಟಿ ಕಾಲಿನ ಮೇಲೆ ನಿಲ್ಲುವ ಹೊತ್ತು ಹೆಚ್ಚಾಗುತ್ತೆ. ಗೋಡೆ ಪಕ್ಕದ ದಾರಿ ಅವರಿಗೆ ಬಿಡಿ. ಸಮತೋಲನಕ್ಕೆ ಅಭ್ಯಾಸ ಒಳ್ಳೆಯದೇ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆಯಲ್ಲಿ (108 ಪ್ರಯೋಗಗಳು) ವ್ಯಾಯಾಮದಿಂದ ವೃದ್ಧರು ಬೀಳುವ ಪ್ರಮಾಣ 23% ಇಳಿದದ್ದು ಕಂಡಿದೆ, ತೈ ಚಿ ಮಾಡಿದವರಲ್ಲಿ ಸುಮಾರು 19%, ಆದರೆ ತೈ ಚಿ ಲೆಕ್ಕದ ಸಾಕ್ಷ್ಯ ಅಷ್ಟು ಗಟ್ಟಿ ಅಲ್ಲ. ಮತ್ತೆ ಇದೆಲ್ಲ ವಾರಕ್ಕೆ ಹಲವು ಸಲ ಮಾಡಿದಾಗಿನ ಮಾತು. ಶನಿವಾರಕ್ಕೊಮ್ಮೆ ಸಾಲದು.

—

ಸಂಶಯಪ್ರಾಣಿ

ಸುತ್ತಿ ಬಳಸಿ ನನ್ನ ಪ್ರಶ್ನೆಗೇ ಬಂದ್ರಿ. ಶನಿವಾರಕ್ಕೊಮ್ಮೆ ಸಾಲದು ಅಂದಮೇಲೆ ಶನಿವಾರ ಯಾಕೆ?

—

ಹಳೇಹಲಗೆ

ಸಂಗೀತ ಕಲಿಯುವವರು ವಾರಕ್ಕೊಮ್ಮೆ ಪಾಠಕ್ಕೆ ಹೋಗುವುದು ಯಾಕೆ?

—

ಸಂಶಯಪ್ರಾಣಿ

ಸರಿ. ಆದರೆ ಸಂಗೀತದವರು ಮನೇಲಿ ಸಾಧನೆ ಮಾಡ್ತಾರೆ. ಇಲ್ಲಿ ಮಾಡ್ತಾರಾ?

ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ 8 ವಾರದ ಕಾರ್ಯಕ್ರಮ ಇದೆಯಲ್ಲ, ಇವತ್ತಿನ ಬಹಳಷ್ಟು ಮೈಂಡ್‌ಫುಲ್‌ನೆಸ್ ತರಗತಿಗಳಿಗೆ ಮೂಲ ಅಚ್ಚು ಅದೇ. ವಾರಕ್ಕೊಂದು ಎರಡೂವರೆ ಗಂಟೆಯ ತರಗತಿ, ಆರನೇ ವಾರದ ಸುಮಾರಿಗೆ ಒಂದಿಡೀ ದಿನದ ಮೌನ, ಅದರ ಜೊತೆ ದಿನಾ 45 ನಿಮಿಷ ಮನೆಗೆಲಸ, ಅಂದರೆ ಮನೇಲಿ ಮಾಡೋ ಅಭ್ಯಾಸ. ಆಸ್ಪತ್ರೆಯಲ್ಲಿ ಎಲ್ಲಿಯೂ ಗುಣ ಕಾಣದ ದೀರ್ಘ ನೋವಿನವರಿಗೆ ಮಾಡಿದ್ದು. 2017ರ ಒಂದು ಲೆಕ್ಕದ ಪ್ರಕಾರ ಇಂಥ ಕಾರ್ಯಕ್ರಮಗಳಲ್ಲಿ ಜನ ಕೊಟ್ಟ ಮನೆಗೆಲಸದಲ್ಲಿ ಮಾಡೋದು ಸರಾಸರಿ 64%, ಅಂದರೆ ದಿನಕ್ಕೆ ಅರ್ಧ ಗಂಟೆ. ಹೆಚ್ಚು ಮಾಡಿದವರಿಗೆ ಹೆಚ್ಚು ಉಪಯೋಗ, ಆದರೆ ಆ ನಂಟು ಸಣ್ಣದು.

64% ನೋಡಿ ನನಗೇ ಆಶ್ಚರ್ಯ ಆಯ್ತು. ನಾನಾಗಿದ್ದರೆ 10 ಇರುತ್ತಿತ್ತು.

—

ಚಾಪೆಮಡಚುವವ

ನಾನು ಮನೆಗೆಲಸ ಕೊಟ್ಟೇ ಇಲ್ಲ. ಬಿಡುವಿಲ್ಲದವರಿಗೆ ಹೊರೆ ಯಾಕೆ ಅಂತ.

—

ಅರ್ಧನಿದ್ದಿ

45 ನಿಮಿಷ ಕೊಟ್ರ ಓಡಿ ಹೋಗ್ತಾರ್ರೀ. ನಾ ಒಂದು ಹೇಳ್ತೀನಿ ನೋಡ್ರಿ. ಲಿಫ್ಟಿನ ಮುಂದ ನಿಂತಾಗ ಮೊಬೈಲ್ ತಗೀಬ್ಯಾಡ್ರಿ, ಎರಡೂ ಪಾದದ ಮ್ಯಾಲ ಭಾರ ಸಮ ಐತೇನು ನೋಡ್ರಿ ಅಂತ ಹೇಳ್ರಿ. ಅಷ್ಟ ಮನೆಗೆಲಸ. ನಾ ಹಂಗ ಮಾಡಾಕ ಹತ್ತೀನಿ. ಯಾವಾಗಲೂ ಬಲಗಾಲಿನ ಮ್ಯಾಲ ನಿಂದಿರ್ತಿದ್ದೆ, ನಲವತ್ತು ವರ್ಷದಿಂದ, ಈಗ ಗೊತ್ತಾತು. ನಿಂತಾಗ ನಿದ್ದಿನೂ ಬರಂಗಿಲ್ಲ.

—

ನೆಲಡೊಂಕು

ಈ ಇಡೀ ಚರ್ಚೆಯಲ್ಲಿ ಅತ್ಯುತ್ತಮ ಮೇಷ್ಟ್ರು ಗೊರಕೆ ಹೊಡೆಯುವವರೇ ಅಂತ ಕಾಣುತ್ತೆ.

—

ಹಿಂದಿನಸಾಲು

ಕೊನೆಯಲ್ಲಿ "ಅನುಭವ ಹಂಚಿಕೊಳ್ಳುವುದು" ಅಂತ ವೃತ್ತದಲ್ಲಿ ಕೂರಿಸ್ತಾರಲ್ಲ, ಅದಿದೆಯಾ ನಿಮ್ಮಲ್ಲಿ? ಅದನ್ನು ಕಂಡರೆ ನನಗಾಗಲ್ಲ. ನನ್ನ ಸರದಿ ಬರುವ ಮೊದಲೇ ಏನು ಹೇಳೋದು ಅಂತ ಧ್ಯಾನದ ಮಧ್ಯೆಯೇ ವಾಕ್ಯ ಕಟ್ಟುತ್ತಿದ್ದೆ.

—

ಹಳೇಹಲಗೆ

ನನಗೆ ಅದು ಬೇಕು. ಬೇರೆಯವರಿಗೂ ಮಂಡಿ ನೋಯುತ್ತದೆ, ಬೇರೆಯವರ ಮನಸ್ಸೂ ಎಲ್ಲೆಲ್ಲೋ ಹೋಗುತ್ತದೆ ಎಂದು ತಿಳಿಯುವುದು ಅಲ್ಲಿಯೇ. ಮನೆಯಲ್ಲಿ ಒಬ್ಬನೇ ಕೂತರೆ ಅದು ತಿಳಿಯುವುದಿಲ್ಲ. ನಿಮ್ಮ ಸಿಲಿಂಡರ್ ಕಥೆಯನ್ನು ಅವತ್ತೇ ಅಲ್ಲಿ ಹೇಳಿದ್ದರೆ ಇನ್ನೂ ನಾಲ್ಕು ಸಿಲಿಂಡರ್ ಹೊರಬರುತ್ತಿದ್ದವು, ತಾಯಿ.

—

ಹಿಂದಿನಸಾಲು

ಇರಬಹುದು ತಾತ. ಆದರೂ ಸರದಿ ಬೇಡ. ಹೇಳಬೇಕು ಅನ್ನಿಸಿದವರು ಹೇಳಲಿ.

—

ಚಾಪೆಮಡಚುವವ
(ಐದು ವಾರದ ನಂತರ)

ಕೇಳಿದವರಿಗೆ ವರದಿ.

ಪೋಸ್ಟರ್ ತೆಗೆದೆ. ಹೊಸದರಲ್ಲಿ ಹೀಗೆ ಬರೆದಿದ್ದೇನೆ: "ಶನಿವಾರ ಸಂಜೆ. ನಿಧಾನವಾಗಿ ಮೈ ಆಡಿಸುತ್ತೇವೆ, ನಡೆಯುತ್ತೇವೆ, ಸುಮ್ಮನೆ ಕೂರುತ್ತೇವೆ. ಕುರ್ಚಿ ಇದೆ. ಕಣ್ಣು ಮುಚ್ಚಲೇಬೇಕು ಅಂತಿಲ್ಲ. ಮಧ್ಯದಲ್ಲಿ ಎದ್ದು ಹೋಗಬಹುದು." ನೋಡಿದ ಸ್ನೇಹಿತರೊಬ್ಬರು ಇದನ್ನು ಓದಿ ಯಾರು ಬರ್ತಾರೆ ಅಂದರು.

ಐದೂ ವಾರ ಅದೇ ಆರು ಚಲನೆ. ಮಂಡಿ ವಾಲಿಸುವುದೂ ಅದರಲ್ಲೊಂದು. ಮೂರನೇ ವಾರ ನನಗೇ ಬೇಸರ ಬಂತು, ಏನಾದರೂ ಸೇರಿಸೋಣ ಅಂತ ನಾಲಿಗೆ ತುರಿಸಿತು, ತಡೆದುಕೊಂಡೆ. ಅವತ್ತು ಮುಗಿದ ಮೇಲೆ ಮೊದಲಿನಿಂದಲೂ ಬರುತ್ತಿರುವವರೊಬ್ಬರು "ಈ ವಾರ ಬೇರೆ ಥರ ಮಾಡಿಸಿದ್ರಲ್ಲ, ಚೆನ್ನಾಗಿತ್ತು" ಅಂದರು. ಏನೂ ಬೇರೆ ಮಾಡಿಸಿರಲಿಲ್ಲ.

ಮೌನ ಈಗ ನಾಲ್ಕು ನಿಮಿಷಕ್ಕೆ ಬಂದಿದೆ. ಅದರಾಚೆ ನನಗೆ ಆಗುತ್ತಿಲ್ಲ, ಗಂಟಲಲ್ಲಿ ವಾಕ್ಯ ಬಂದು ನಿಲ್ಲುತ್ತದೆ. ಸರೋವರ ಒಮ್ಮೆ ತಪ್ಪಿ ಬಾಯಿಗೆ ಬಂತು, ನಾನೇ ನಕ್ಕುಬಿಟ್ಟೆ. ಹಂಚಿಕೊಳ್ಳುವ ವೃತ್ತಕ್ಕೆ ಸರದಿ ಇಲ್ಲ. ಎರಡು ವಾರ ಯಾರೂ ಬಾಯಿ ಬಿಡಲಿಲ್ಲ, ಐದು ನಿಮಿಷ ಮುಜುಗರ. ಹಿಂದಿನಸಾಲು ಅವರ ಮಾತು ಸರಿಯೋ ಹಳೇಹಲಗೆ ತಾತನದು ಸರಿಯೋ ನನಗಿನ್ನೂ ತಿಳಿದಿಲ್ಲ.

ಲೆಕ್ಕ ಕೇಳುವವರಿಗೆ: 9, 8, 10, 10, 11. ಕುರ್ಚಿ ಮೇಲೆ ಐದು ಜನ, ನಾನೂ ಸೇರಿ.

ನಾಲ್ಕನೇ ವಾರ ಎದ್ದು ಹೋಗಿದ್ದವರಿಗೆ ಮೆಸೇಜ್ ಹಾಕಿದ್ದೆ, ಬಾಗಿಲಪಕ್ಕ ಅವರು ಹೇಳಿದ ಮಾತಿನಲ್ಲೇ. ಹತ್ತು ದಿನ ಉತ್ತರ ಬರಲಿಲ್ಲ. ಹೋದ ಶನಿವಾರ ತರಗತಿ ಶುರುವಾಗಿ ಕಾಲು ಗಂಟೆಗೆ ಬಂದು, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ನಡಿಗೆ ಮುಗಿಯುವವರೆಗೂ ಇದ್ದರು. ಕೂತು ಧ್ಯಾನ ಶುರುವಾದಾಗ ಎದ್ದು ಹೋದರು. ನಾನು ತಿರುಗಿ ನೋಡಲಿಲ್ಲ, ಚಪ್ಪಲಿ ಸದ್ದು ಮಾತ್ರ ಕೇಳಿಸಿತು.

—

ಬಾಗಿಲಪಕ್ಕ

ನಡಿಗೆಯವರೆಗೂ ಇದ್ದರಲ್ಲ.

ಮುಂದಿನ ವಾರವೂ ಆ ಕುರ್ಚಿ ಅಲ್ಲೇ ಇರಲಿ.

—

ಅರ್ಧನಿದ್ದಿ

ನಾನೂ ನಮ್ಮ ಕ್ಲಾಸಿಗೆ ವಾಪಸ್ ಹೋದ್ನಿರೀ. ಈ ಸಲ ನಿಂತ್ಕೊಂಡ ಇದ್ದೆ. ಪಕ್ಕದವರು ಗೊರಕಿ ಹೊಡದ್ರು.